ಮೂಲೆಗುಂಪಾಗಬಾರದ ಮೂಲೆ ಕಪಾಟು

ಹಳೆಯ ಮೂಲೆ ಕಪಾಟು ಕೊಳ್ಳಲು ಹೊರಟವರು ಮೊದಲು ನೋಡಬೇಕಾದದ್ದು ಅದರ ಬೆನ್ನನ್ನು. ಮುಂಭಾಗಕ್ಕೆ ಹೊಸ ಪಾಲಿಶ್ ಬಳಿದು, ಹಿತ್ತಾಳೆಯ ಹಿಡಿಗಳನ್ನು ಜಡಿದು ಯಾರು ಬೇಕಾದರೂ ಕಣ್ಣು ಕುಕ್ಕಿಸಬಹುದು. ಗೋಡೆಗೆ ಆತು ನಿಲ್ಲುವ ಹಿಂಬದಿಯನ್ನು ಮಾತ್ರ ಆ ಕಾಲದ ಬಡಗಿ ಒರಟಾಗಿಯೇ ಬಿಟ್ಟಿರುತ್ತಾನೆ. ಹಲಗೆಯ ಮೇಲೆ ನೇರ ಗೀರುಗಳಿದ್ದರೆ ಅದು ಕೈಗರಗಸದಲ್ಲಿ ಸೀಳಿದ ಮರವಿರಬಹುದು. ಗೀರುಗಳು ಕಮಾನಾಗಿ ಬಾಗಿದ್ದರೆ, ಯಂತ್ರದ ದುಂಡು ಗರಗಸ ಬಳಕೆಗೆ ಬಂದ ಮೇಲಿನದು, ಅಂದರೆ 19ನೇ ಶತಮಾನದ್ದು ಅಥವಾ ಅದಕ್ಕೂ ಈಚಿನದು. ಸ್ಕ್ರೂ ಒಂದನ್ನು ಬಿಚ್ಚಿ ನೋಡಿದರೆ ಇನ್ನಷ್ಟು ತಿಳಿಯುತ್ತದೆ. 19ನೇ ಶತಮಾನದ ನಡುಭಾಗಕ್ಕೆ ಮೊದಲಿನ ಸ್ಕ್ರೂಗಳಿಗೆ ಚೂಪು ಮೊನೆ ಇರುತ್ತಿರಲಿಲ್ಲ. ತಲೆಯ ಮೇಲಿನ ಸೀಳೂ ನಟ್ಟನಡುವೆ ಇರುವುದು ಅಪರೂಪ.

ಇಷ್ಟು ಎಚ್ಚರ ಏಕೆಂದರೆ, 'ಆಂಟಿಕ್ ಕಾರ್ನರ್ ಬಾರ್' ಎಂದು ಮಾರಾಟಕ್ಕೆ ಬರುವ ಅನೇಕ ಕಪಾಟುಗಳು ಮದ್ಯಕ್ಕೆಂದು ಹುಟ್ಟಿದವೇ ಅಲ್ಲ. ಅವುಗಳ ತವರು ಜಾರ್ಜ್ ದೊರೆಗಳ ಕಾಲದ, ಅಂದರೆ 1714ರಿಂದ 1830ರವರೆಗಿನ ಇಂಗ್ಲೆಂಡ್. ಚಹಾ ಕುಡಿಯುವ ರೂಢಿ ಬೆಳೆದಂತೆ ಪಿಂಗಾಣಿ ಬಟ್ಟಲುಗಳು ಸಿರಿವಂತಿಕೆಯ ಗುರುತಾದವು. ಅವನ್ನು ಧೂಳು ತಾಗದಂತೆ, ಬಂದವರ ಕಣ್ಣಿಗೆ ಬೀಳುವಂತೆ ಇಡಬೇಕಿತ್ತು. ಮೇಜು ಕುರ್ಚಿಗಳಿಗೆ ಒಗ್ಗದ ಮೂಲೆ ಆಗ ಕೆಲಸಕ್ಕೆ ಬಂತು. ಹಳ್ಳಿಯ ಬಡಗಿಗಳು ಮೂಲೆ ಕಪಾಟುಗಳನ್ನು ಓಕ್ ಮರದಲ್ಲಿ ಮಾಡಿದರು. ವಸಾಹತುಗಳ ಮರದ ಮೇಲಿನ ಸುಂಕವನ್ನು ಬ್ರಿಟನ್ 1721ರಲ್ಲಿ ತೆಗೆದುಹಾಕಿದ ಮೇಲೆ ಜಮೈಕಾದ ಮಹಾಗನಿ ಹಡಗುಗಟ್ಟಲೆ ಬಂದಿಳಿಯಿತು, ಪೇಟೆಯ ಕುಶಲಿಗಳು ಅದನ್ನು ಹಿಡಿದರು. ಕೆಲವು ನೆಲದ ಮೇಲೆ ನಿಲ್ಲುತ್ತಿದ್ದವು, ಕೆಲವನ್ನು ಎದೆಯೆತ್ತರಕ್ಕೆ ಗೋಡೆಗೆ ತೂಗುಹಾಕುತ್ತಿದ್ದರು. ಮುಂಭಾಗ ಹೊಟ್ಟೆಯುಬ್ಬಿದ ಕಪಾಟುಗಳೆಂದರೆ ನನಗೆ ವಿಶೇಷ ಪ್ರೀತಿ. ಬಾಗಿದ ಬಾಗಿಲನ್ನು ಸಂದಿಲ್ಲದೆ ಕೂರಿಸುವುದು ಇಂದಿನ ಒಳ್ಳೆಯ ಬಡಗಿಗೂ ಸುಲಭವಲ್ಲ. ಇದೇ ಹೊತ್ತಿಗೆ ಫ್ರಾನ್ಸಿನಲ್ಲಿ ಅಮೃತಶಿಲೆಯ ಹಾಸು ಹೊದ್ದ ಗಿಡ್ಡ ಮೂಲೆ ಕಪಾಟುಗಳನ್ನು ಜೋಡಿ ಜೋಡಿಯಾಗಿ ಮಾಡುತ್ತಿದ್ದರು.

ಒಂದು ಅಳತೆ ಪಟ್ಟಿ ಜೊತೆಗಿದ್ದರೆ ಸಾಕು, ಪಿಂಗಾಣಿಯ ಕಪಾಟು ಯಾವುದೆಂದು ಗೊತ್ತಾಗುತ್ತದೆ. ವೈನ್ ಶೀಸೆ ಸುಮಾರು 30 ಸೆಂಟಿಮೀಟರ್ ಎತ್ತರ. ಒಳಗಿನ ಅಡ್ಡಹಲಗೆಗಳ ನಡುವೆ ಅಷ್ಟು ಜಾಗವಿಲ್ಲದಿದ್ದರೆ ಅದು ಬಟ್ಟಲುಗಳಿಗೆ ಮಾಡಿದ್ದು. ಜಾಗವಿದೆ, ಆದರೆ ಪಕ್ಕದ ಹಲಗೆಯಲ್ಲಿ ಖಾಲಿ ತೋಡಿನ ಗುರುತು ಉಳಿದಿದೆ ಎಂದಾದರೆ, ಯಾರೋ ಆಮೇಲೆ ಒಂದು ಅಡ್ಡಹಲಗೆಯನ್ನು ಕಿತ್ತಿದ್ದಾರೆ. ಕಿತ್ತ ಕಪಾಟನ್ನು ಕೊಳ್ಳಲೇಬಾರದೆಂದಲ್ಲ. ಕಿತ್ತದ್ದಕ್ಕೆ ತಕ್ಕಂತೆ ಬೆಲೆ ಇಳಿಯಬೇಕು.

ಹಾಗಾದರೆ ಆ ಕಾಲದ ಮದ್ಯ ಎಲ್ಲಿರುತ್ತಿತ್ತು? ಊಟದ ಕೋಣೆಯಲ್ಲಿ, ಒಳಗೆ ಸೀಸದ ತಗಡು ಹೊದಿಸಿದ, ಬೀಗವಿರುವ ಸೆಲರೆಟ್ ಎಂಬ ಪೆಟ್ಟಿಗೆಯಲ್ಲಿ. ಕೆಲಸದವರ ಕೈಗೆ ಶೀಸೆ ಸಿಗಬಾರದೆಂಬ ಯಜಮಾನರ ಆತಂಕ ಮುಂದಿನ ಶತಮಾನಕ್ಕೂ ಹೋಗಲಿಲ್ಲ. 1881ರಲ್ಲಿ ಲಂಡನ್ನಿನ ಜಾರ್ಜ್ ಬೆಟ್ಜಮನ್ ಪೇಟೆಂಟ್ ಪಡೆದ ಟ್ಯಾಂಟಲಸ್ ಅದಕ್ಕೆ ಸಾಕ್ಷಿ. ಗಾಜಿನ ಡಿಕ್ಯಾಂಟರುಗಳು ಎದುರಿಗೇ ಕಾಣುತ್ತವೆ, ಮೇಲಿನ ಅಡ್ಡಪಟ್ಟಿಯ ಬೀಗ ತೆಗೆಯದೆ ಒಂದನ್ನೂ ಎತ್ತಲಾಗದು. ಕೊರಳವರೆಗೆ ನೀರಿನಲ್ಲಿ ನಿಂತೂ ಬಾಯಾರಿ ಬಳಲುವ ಗ್ರೀಕ್ ಪುರಾಣದ ಅರಸನ ಹೆಸರು ಅದಕ್ಕೆ.

ಮೂಲೆ ಮತ್ತು ಮದ್ಯ ಒಟ್ಟಿಗೆ ಸೇರಿ ನಿಜವಾದ ಪಾನದ ಕಪಾಟು ಮನೆಮನೆಗೆ ಬಂದದ್ದು 1920 ಮತ್ತು 30ರ ದಶಕಗಳಲ್ಲಿ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ಅಲ್ಲಿ ದುಡಿಯುತ್ತಿದ್ದ ಹ್ಯಾರಿ ಕ್ರ್ಯಾಡಕ್‌ನಂಥ ನುರಿತ ಬಾರ್‌ಟೆಂಡರುಗಳು ಸಮುದ್ರ ದಾಟಿದರು. ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಅವನು ಬೆರೆಸಿದ ಪಾನೀಯಗಳ ಪುಸ್ತಕ 1930ರಲ್ಲಿ ಹೊರಬಂತು. ಮನೆಯಲ್ಲೇ ಕಾಕ್‌ಟೇಲ್ ಕಲಸುವುದು ನಾಗರಿಕತೆಯ ಲಕ್ಷಣವಾಯಿತು. ಚಿಕ್ಕ ಫ್ಲ್ಯಾಟುಗಳಿಗೆ ಹೊಂದುವಂತೆ ಕಾಲುವೃತ್ತದ ಆಕಾರದ ಕಪಾಟುಗಳು ಬಂದವು. ಹೊರಗೆ ವಾಲ್‌ನಟ್ ಮರದ ಗಂಟಿನಿಂದ ತೆಗೆದ ಸುಳಿಸುಳಿಯಾದ ವೆನೀರ್ ಎಂಬ ತೆಳು ಮರದ ಪದರ, ಒಳಗೆ ಸುತ್ತ ಕನ್ನಡಿ, ಬಾಗಿಲು ತೆರೆದೊಡನೆ ತಾನಾಗಿ ಹೊತ್ತಿಕೊಳ್ಳುವ ದೀಪ. ಲಂಡನ್ನಿನ ಎಪ್‌ಸ್ಟೈನ್ ಕುಟುಂಬದ ಕಾರ್ಖಾನೆಯ ಆರ್ಟ್ ಡೆಕೊ ಶೈಲಿಯ ಸಾಮಾನುಗಳನ್ನು ಸಂಗ್ರಾಹಕರು ಈಗಲೂ ಹುಡುಕುತ್ತಾರೆ. ಆ ದೀಪದ ಹಳೆಯ ರಬ್ಬರು ತಂತಿ ಮಾತ್ರ ಪುಡಿಪುಡಿಯಾಗಿರುತ್ತದೆ. ಹೊಸ ತಂತಿ ಎಳೆಸದೆ ಪ್ಲಗ್ ಚುಚ್ಚಲೇಬೇಡಿ.

ಇನ್ನು ನಮಗೆ ಹತ್ತಿರದ ಸಂಗತಿ. 19ನೇ ಶತಮಾನದ ಇಂಗ್ಲಿಷ್ ಕಪಾಟುಗಳ ಮೇಲೆ ಹೊಳೆಯುವ 'ಫ್ರೆಂಚ್ ಪಾಲಿಶ್' ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಅದರಲ್ಲಿ ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ, ಛೋಟಾ ನಾಗಪುರದಂಥ ಕಾಡುಸೀಮೆಯ ಜನ ಮರದ ಕೊಂಬೆಗಳಿಂದ ಬಿಡಿಸಿ ತೆಗೆದ ಅರಗು. ಆಲ್ಕೋಹಾಲಿನಲ್ಲಿ ಕರಗಿಸಿ ಹಚ್ಚಿದ ಲೇಪ ಆಲ್ಕೋಹಾಲು ಬಿದ್ದರೆ ಮತ್ತೆ ಕರಗುತ್ತದೆ. ಅಂದರೆ ಪಾನದ ಕಪಾಟಿಗೆ ಮೊದಲ ಶತ್ರು ಅದರೊಳಗಿನ ಪಾನವೇ. ಕಾಕ್‌ಟೇಲ್ ಕಪಾಟುಗಳ ಒಳಗೆ ಗಾಜು, ಕನ್ನಡಿಗಳನ್ನು ಹಾಸಿದ್ದು ಅಂದಕ್ಕಷ್ಟೇ ಅಲ್ಲ. ಹಳೆಯ ಮರದ ಮೇಲೆ ಶೀಸೆ ಇಡುವವರು ಒಂದು ತಟ್ಟೆಯನ್ನೋ ಗಾಜಿನ ತುಂಡನ್ನೋ ಅಡಿಗೆ ಹಾಕಲಿ. ಹಳೆಯ ಡಿಕ್ಯಾಂಟರ್ ಸೀಸದ ಅಂಶವಿರುವ ಕ್ರಿಸ್ಟಲ್ ಆಗಿದ್ದರೆ ಅದರಲ್ಲಿ ಮದ್ಯವನ್ನು ದಿನಗಟ್ಟಲೆ ತುಂಬಿಡಬಾರದು. ಸೀಸ ಇಳಿದು ಬೆರೆಯುತ್ತದೆ. ಬಡಿಸುವ ಹೊತ್ತಿಗೆ ಸುರಿದುಕೊಂಡರೆ ಸಾಕು.

ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಕೊಳ್ಳಲು ಒಳ್ಳೆಯ ಕಾಲ. ಕಂದು ಬಣ್ಣದ ಹಳೆಯ ಮರದ ಸಾಮಾನಿನ ಬೆಲೆ ಈ ಶತಮಾನದ ಆರಂಭದಿಂದ ಅಲ್ಲಿ ಕುಸಿದಿದೆ. ಇನ್ನೂರು ವರ್ಷ ಹಳೆಯ ಓಕ್ ಕಪಾಟು ಸಣ್ಣ ಊರಿನ ಹರಾಜಿನಲ್ಲಿ ಹೊಸ ಕಪಾಟಿಗಿಂತ ಅಗ್ಗಕ್ಕೆ ಸಿಗುವುದುಂಟು. ಅದನ್ನು ಊರಿಗೆ ತರುವುದಾದರೆ ಮಂಗಳೂರು, ಮಡಿಕೇರಿಯಂಥ ಮಳೆಸೀಮೆಗೆ ವೆನೀರ್ ಹಚ್ಚಿದ್ದು ಬೇಡ. ವೆನೀರ್ ಹಿಡಿದಿಟ್ಟ ಪ್ರಾಣಿಜನ್ಯ ಅಂಟು ತೇವಕ್ಕೆ ಸಡಿಲವಾಗಿ ಪದರ ಏಳುತ್ತದೆ, ಗಟ್ಟಿಮರದ್ದೇ ಲೇಸು.

ಭಾರತದಿಂದ ಹೊರಗೆ ಒಯ್ಯುವವರಿಗೆ ಕಾನೂನು ಬಿಗಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಕುಶಲ ವಸ್ತುಗಳನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಬೀಟೆ ಮರವಾದರೆ ವಯಸ್ಸು ಕಡಿಮೆಯಿದ್ದರೂ ಅಡ್ಡಿಯಿದೆ. ಆ ಮರದ ಇಡೀ ಕುಲ 2017ರಿಂದ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಒಪ್ಪಂದದ ನಿಗಾದಲ್ಲಿದೆ.

ಮಲೆನಾಡಿನ, ಕೊಡಗಿನ ಮನೆಗಳಲ್ಲಿ ಬೀಟೆಯ ಹಳೆಯ ಕಪಾಟುಗಳು ಇನ್ನೂ ಉಳಿದಿವೆ. ನಿಮ್ಮಲ್ಲೂ ಒಂದಿದ್ದರೆ ಉಜ್ಜುಕಾಗದ ಹಾಕಿ ಕೆರೆಸಬೇಡಿ, ಬಿಳಿ ಬಣ್ಣ ಬಳಿಸಬೇಡಿ. ಒಣಬಟ್ಟೆಯಲ್ಲಿ ಒರೆಸಿ, ವರ್ಷಕ್ಕೊಮ್ಮೆ ಜೇನುಮೇಣ ತೆಳ್ಳಗೆ ಸವರಿ, ಕುಟ್ಟೆ ಹುಳುವಿನ ಹೊಸ ಪುಡಿ ಉದುರುತ್ತಿದೆಯೇ ನೋಡುತ್ತಿರಿ. ಒಳಗೆ ಶೀಸೆ ಇಡುತ್ತೀರೋ ಪಿಂಗಾಣಿ ಇಡುತ್ತೀರೋ ಅದು ನಿಮ್ಮಿಷ್ಟ; ಅಡ್ಡಹಲಗೆಗಳನ್ನು ಮಾತ್ರ ಕೀಳಿಸಬೇಡಿ.