ಕೈ ಬೀಸಿದರೆ ಸಾಕಾ, ಬಟನ್ ಬೇಡವಾ? ಮೋಷನ್ ಕಂಟ್ರೋಲ್ ಬಂದು ಇಷ್ಟು ವರ್ಷವಾದರೂ ಗೇಮ್ ಕಂಟ್ರೋಲರ್ ಏಕೆ ಮೂಲೆ ಸೇರಿಲ್ಲ?

ಚೆನ್ನೈ: ನಗರದ ಉತ್ತರದಂಚಿನ ಮಣಲಿ ಎಂದರೆ ತೈಲ ಸಂಸ್ಕರಣಾಗಾರ, ರಸಗೊಬ್ಬರ ಕಾರ್ಖಾನೆ, ರಸ್ತೆಯುದ್ದಕ್ಕೂ ಟ್ಯಾಂಕರ್ ಲಾರಿ. ಇಲ್ಲಿ ಪಾಳಿಯಲ್ಲಿ ದುಡಿಯುವ ಕುಟುಂಬವೊಂದರ ಹತ್ತಡಿಯ ಹಾಲ್ ಅನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಗೋಡೆಗೆ ಟಿವಿ, ಎದುರು ಗೋಡೆಗೆ ಒರಗಿಸಿದ ಮಂಚ, ತಲೆಯ ಮೇಲೆ ತಿರುಗುವ ಫ್ಯಾನ್. ಈ ಜಾಗದಲ್ಲಿ ನಿಂತು, ಕೈ ಬೀಸಿ ಟಿವಿಯೊಳಗಿನ ಟೆನಿಸ್ ಆಡಬೇಕು. ಆಗುತ್ತದೆಯೇ?

ಮೈಕ್ರೋಸಾಫ್ಟ್‌ನ ಕೈನೆಕ್ಟ್ ಬಂದಾಗ ಒಬ್ಬರು ಆಡಲು ಸುಮಾರು 6 ಅಡಿ, ಇಬ್ಬರಿಗೆ 8 ಅಡಿ ದೂರ ಬೇಕು ಎಂದು ಕಂಪನಿಯೇ ಹೇಳಿತ್ತು. ಮಣಲಿಯ ಮಾತು ಹಾಗಿರಲಿ, ಬೆಂಗಳೂರಿನ ಒನ್ ಬಿಎಚ್‌ಕೆ ಮನೆಗಳಲ್ಲೂ ಮಂಚ ಎತ್ತಿಡದೆ ಅಷ್ಟು ಜಾಗ ಸಿಗುವುದು ಕಷ್ಟ. ಸಾಂಪ್ರದಾಯಿಕ ಕಂಟ್ರೋಲರ್‌ಗಳ ಕಾಲ ಮುಗಿಯಿತು ಎಂಬ ಭವಿಷ್ಯವಾಣಿ ಎಡವಿದ ಮೊದಲ ಕಲ್ಲು ಇದೇ.

ಎಲ್ಲರೂ ನಂಬಿದ್ದ ಕಾಲ

ಮೋಷನ್ ಕಂಟ್ರೋಲ್ ಎಂದರೆ ಬಟನ್ ಒತ್ತುವ ಬದಲು ಕೈ ಅಥವಾ ಮೈಯ ಚಲನೆಯಿಂದಲೇ ಆಟ ನಡೆಸುವುದು. 1989ರಲ್ಲೇ ಮ್ಯಾಟೆಲ್ ಕಂಪನಿ ‘ಪವರ್ ಗ್ಲೋವ್’ ಎಂಬ ಕೈಗವಸು ತಂದು ಕೈ ಸುಟ್ಟುಕೊಂಡಿತ್ತು. ನಿಜವಾದ ಹವಾ ಎದ್ದದ್ದು 2006ರ ನವೆಂಬರ್‌ನಲ್ಲಿ, ನಿಂಟೆಂಡೊ ‘ವೀ’ ಬಂದಾಗ. ರಿಮೋಟಿನಂಥ ಕಡ್ಡಿಯನ್ನು ಬೀಸಿದರೆ ಪರದೆಯಲ್ಲಿ ಬ್ಯಾಟ್ ಬೀಸುತ್ತಿತ್ತು. ಗೇಮ್ ಎಂದರೆ ಮೂಗು ಮುರಿಯುತ್ತಿದ್ದ ಅಜ್ಜ ಅಜ್ಜಿಯರೂ ಎದ್ದು ನಿಂತು ಬೌಲಿಂಗ್ ಆಡಿದರು. ಕೈ ಜಾರಿದ ರಿಮೋಟು ಟಿವಿಗೆ ಬಡಿದ ಪ್ರಸಂಗಗಳೂ ನಡೆದು, ತಿಂಗಳು ಕಳೆಯುವಷ್ಟರಲ್ಲಿ ನಿಂಟೆಂಡೊ 32 ಲಕ್ಷ ಮಣಿಕಟ್ಟಿನ ಪಟ್ಟಿಗಳನ್ನು ಬದಲಿಸಿಕೊಡಲು ಮುಂದಾಯಿತು. ಕೊನೆಗೆ ವೀ ಮಾರಾಟ 10 ಕೋಟಿ ದಾಟಿತು.

ಸೋನಿ, ಮೈಕ್ರೋಸಾಫ್ಟ್ ಸುಮ್ಮನಿರುತ್ತವೆಯೇ? 2010ರಲ್ಲಿ ಸೋನಿಯ ‘ಪ್ಲೇಸ್ಟೇಷನ್ ಮೂವ್’ ಬಂತು, ಬೆನ್ನಲ್ಲೇ ಕೈನೆಕ್ಟ್. ಕೈನೆಕ್ಟ್‌ನಲ್ಲಿ ಕೈಗೆ ಏನೂ ಬೇಡ. ಕಣ್ಣಿಗೆ ಕಾಣದ ಇನ್ಫ್ರಾರೆಡ್ ಚುಕ್ಕಿಗಳನ್ನು ಕೋಣೆಯೊಳಗೆ ಚೆಲ್ಲಿ, ಆಟಗಾರ ಎಲ್ಲಿ ನಿಂತಿದ್ದಾನೆ, ಕೈಕಾಲು ಎಲ್ಲಿದೆ ಎಂದು ಅದು ಲೆಕ್ಕ ಹಾಕುತ್ತಿತ್ತು. ಮೊದಲ 60 ದಿನಗಳಲ್ಲೇ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಸೇರಿತು.

ಇಳಿದದ್ದೂ ಅಷ್ಟೇ ವೇಗದಲ್ಲಿ. 2013ರ ಎಕ್ಸ್‌ಬಾಕ್ಸ್ ಒನ್ ಜೊತೆ ಕೈನೆಕ್ಟ್ ಅನ್ನು ಕಡ್ಡಾಯವಾಗಿ ಸೇರಿಸಿದ್ದರಿಂದ ಬೆಲೆ 499 ಡಾಲರ್ ಆಯಿತು, ಎದುರಾಳಿ ಪ್ಲೇಸ್ಟೇಷನ್ 4ರದ್ದು 399. ಬೇಡದ ಕ್ಯಾಮೆರಾಗೆ ನೂರು ಡಾಲರ್ ಯಾರು ಕೊಡುತ್ತಾರೆ? 2014ರ ಜೂನ್‌ನಲ್ಲಿ ಕೈನೆಕ್ಟ್ ಇಲ್ಲದ ಎಕ್ಸ್‌ಬಾಕ್ಸ್ ಮಾರುಕಟ್ಟೆಗೆ ಬಂತು. 2017ರಲ್ಲಿ ಕೈನೆಕ್ಟ್ ತಯಾರಿಕೆಯೇ ನಿಂತಿತು.

ಬೆರಳಿನ ಬಲ

ಜಾಗ, ಬೆಲೆ ಎರಡನ್ನೂ ಬದಿಗಿಟ್ಟರೂ ಬಟನ್ ಗೆಲ್ಲಲು ಇನ್ನೊಂದು ಕಾರಣವಿದೆ. ಬಟನ್ ಒತ್ತಿದರೆ ಒತ್ತಿದಂತೆ, ಇಲ್ಲದಿದ್ದರೆ ಇಲ್ಲ, ನಡುವೆ ಅನುಮಾನವಿಲ್ಲ. ಕೈ ಬೀಸಿದ್ದು ಹೊಡೆತವೋ, ಸೊಳ್ಳೆ ಓಡಿಸಿದ್ದೋ ಎಂದು ಯಂತ್ರ ಊಹಿಸಬೇಕು. ಆ ಊಹೆಗೆ ಸೆಕೆಂಡಿನ ಒಂದು ಚೂರು ಹಿಡಿಯುತ್ತದೆ, ಶೂಟಿಂಗ್ ಅಥವಾ ಫೈಟಿಂಗ್ ಗೇಮ್‌ನಲ್ಲಿ ಅಷ್ಟು ತಡವಾದರೆ ಆಟವೇ ಮುಗಿದಿರುತ್ತದೆ. ಜೊತೆಗೆ ಸುಸ್ತು. ಹೆಬ್ಬೆರಳಿನಿಂದ ಮೂರು ಗಂಟೆ ಆಡಬಹುದು. ತೋಳು ಚಾಚಿಕೊಂಡು ಅರ್ಧ ಗಂಟೆ ಆಡಿದರೆ ಭುಜ ದೂರು ಹೇಳುತ್ತದೆ.

ಬೆರಳಿನ ಈ ಮಹಿಮೆಯನ್ನು ಉತ್ತರ ಚೆನ್ನೈಗೆ ಹೊಸದಾಗಿ ಹೇಳಬೇಕಿಲ್ಲ. ಮಣಲಿಯಿಂದ ತುಸು ದೂರದ ನ್ಯೂ ವಾಷರ್‌ಮನ್‌ಪೇಟೆಯ ಎಂ. ಖಾಜಿಮಾ 2024ರಲ್ಲಿ ಅಮೆರಿಕದಲ್ಲಿ ನಡೆದ ಕೇರಂ ವಿಶ್ವಕಪ್‌ನಲ್ಲಿ ಮೂರು ಚಿನ್ನ ಗೆದ್ದರು. ಸ್ಟ್ರೈಕರ್ ತಳ್ಳಲು ಇಡೀ ತೋಳು ಬೇಕಿಲ್ಲ, ಬೆರಳ ತುದಿಯ ಒಂದು ಚಿಟಿಕೆ ಸಾಕು. ಗೇಮ್‌ಪ್ಯಾಡ್ ನಡೆಯುವುದೂ ಇದೇ ಲೆಕ್ಕದಲ್ಲಿ.

ಹಾಗಾದರೆ ಮೋಷನ್ ಕಂಟ್ರೋಲ್ ಸತ್ತಿತೇ?

ಇಲ್ಲ, ಜೇಬಿನೊಳಗೆ ಬಂದು ಕೂತಿದೆ. ಭಾರತದಲ್ಲಿ ಇಂದು ಮೋಷನ್ ಕಂಟ್ರೋಲ್ ಹೆಚ್ಚು ಬಳಕೆಯಾಗುವುದು ಟಿವಿ ಮುಂದೆ ಅಲ್ಲ, ಮೊಬೈಲ್‌ನಲ್ಲಿ. ಕ್ರಾಫ್ಟನ್ ಕಂಪನಿ 2021ರ ಜುಲೈನಲ್ಲಿ ಬಿಡುಗಡೆ ಮಾಡಿದ ಬಿಜಿಎಂಐ ಆಡುವ ಹುಡುಗರನ್ನು ಗಮನಿಸಿ. ಗುಂಡು ಹಾರಿಸುವಾಗ ಫೋನನ್ನು ತುಸು ಬಾಗಿಸುತ್ತಿರುತ್ತಾರೆ. ಅದು ಅಭ್ಯಾಸಬಲವಲ್ಲ, ಗೈರೋಸ್ಕೋಪ್ ಬಳಕೆ. ಗುಂಡು ಹಾರಿದಾಗ ಬಂದೂಕಿನ ಮೂತಿ ಮೇಲೇಳುತ್ತದೆ, ಅದನ್ನು ಕೆಳಗೆ ಹಿಡಿಯಲು ಹೆಬ್ಬೆರಳು ಎಳೆಯುವುದಕ್ಕಿಂತ ಮಣಿಕಟ್ಟು ಬಾಗಿಸುವುದು ಸಲೀಸು. ಹೆಬ್ಬೆರಳು ಓಡುವ, ಗುಂಡು ಹಾರಿಸುವ ಕೆಲಸಕ್ಕೆ ಮೀಸಲಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಇದನ್ನು ಪೂರ್ತಿ ಆಫ್ ಮಾಡಬಹುದು, ಸ್ಕೋಪ್ ತೆರೆದಾಗ ಮಾತ್ರ ಅಥವಾ ಸದಾ ಆನ್ ಇಡಬಹುದು.

ಇಲ್ಲಿ ಯಾರೂ ಯಾರನ್ನೂ ಓಡಿಸಿಲ್ಲ. ದೊಡ್ಡ ಚಲನೆಗೆ ಬೆರಳು, ಸೂಕ್ಷ್ಮ ಗುರಿಗೆ ಬಾಗು. ನಿಂಟೆಂಡೊ ಸ್ವಿಚ್, ಪ್ಲೇಸ್ಟೇಷನ್ 5ರ ಕಂಟ್ರೋಲರ್‌ಗಳಲ್ಲೂ ಬಟನ್ ಜೊತೆಗೇ ಮೋಷನ್ ಸೆನ್ಸರ್ ಇದೆ. ವಿಆರ್ ಹೆಡ್‌ಸೆಟ್‌ಗಳಲ್ಲಿ ಕೈಚಲನೆಯೇ ಮುಖ್ಯವಾದರೂ, ಹೆಚ್ಚಿನವು ಕೈಗೆ ಕೊಡುವ ಸಾಧನದಲ್ಲಿ ಬಟನ್, ಸ್ಟಿಕ್ ಎರಡೂ ಉಳಿದಿವೆ.

ಹೊಸ ಫೋನ್ ಕೊಳ್ಳುವ ಮುನ್ನ

ಪೇಚಿರುವುದು ಬಜೆಟ್ ಫೋನ್‌ಗಳಲ್ಲಿ. ಆಕ್ಸಿಲರೋಮೀಟರ್ ಫೋನ್ ಯಾವ ಕಡೆ ವಾಲಿದೆ ಎಂದು ಗುರುತ್ವಾಕರ್ಷಣೆಯಿಂದ ತಿಳಿಯುತ್ತದೆ. ಗೈರೋಸ್ಕೋಪ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಅಳೆಯುತ್ತದೆ. ಮೊದಲನೆಯದು ಹೆಚ್ಚೂಕಮ್ಮಿ ಎಲ್ಲ ಸ್ಮಾರ್ಟ್‌ಫೋನ್‌ಗಳಲ್ಲಿದೆ. ಎರಡನೆಯದನ್ನು ಕಡಿಮೆ ಬೆಲೆಯ ಹಲವು ಮಾಡೆಲ್‌ಗಳಲ್ಲಿ ಕೈಬಿಡುತ್ತಾರೆ. ಅಂಗಡಿಯಲ್ಲಿ ಪರದೆ ಅಡ್ಡ ತಿರುಗಿತು, ಕಾರ್ ರೇಸ್ ಗೇಮ್ ಬಾಗಿಸಿದಂತೆ ಓಡಿತು ಎಂದು ಮೋಸ ಹೋಗಬೇಡಿ, ಅದಕ್ಕೆ ಆಕ್ಸಿಲರೋಮೀಟರ್ ಒಂದೇ ಸಾಕು. ಮಗನ ಒತ್ತಾಯಕ್ಕೆ ಕಂತಿನಲ್ಲಿ ಫೋನ್ ಕೊಳ್ಳುವ ಅಪ್ಪ ಸೆನ್ಸರ್ ಪಟ್ಟಿಯಲ್ಲಿ ಗೈರೋಸ್ಕೋಪ್ ಎಂಬ ಹೆಸರು ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಇಲ್ಲದ ಸೆನ್ಸರ್ ಅನ್ನು ಯಾವ ಅಪ್‌ಡೇಟ್ ಕೂಡ ತಂದುಕೊಡುವುದಿಲ್ಲ.

ಇನ್ನೊಂದು ಮಾತು. ಕೈ ಬೀಸಲಾಗದವರು, ಗೇಮ್‌ಪ್ಯಾಡ್ ಹಿಡಿಯಲಾಗದವರೂ ಆಡಬೇಕಲ್ಲ? ಅವರಿಗಾಗಿ ಮೈಕ್ರೋಸಾಫ್ಟ್ 2018ರಲ್ಲಿ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ತಂದಿತು. ಕೈನೆಕ್ಟ್ ತಯಾರಿಕೆ ನಿಲ್ಲಿಸಿದ ಮರುವರ್ಷ ಅದೇ ಕಂಪನಿ ಹೊರತಂದ ಈ ಸಾಧನದ ಮೇಲಿರುವುದು ಅಂಗೈಯಿಂದಲೋ ಮೊಣಕೈಯಿಂದಲೋ ಒತ್ತಬಹುದಾದ ಎರಡು ದೊಡ್ಡ ಬಟನ್‌ಗಳು.