ಹುತ್ತ ಇರಲಿ ಬಿಡಿ

ಹೋದ ವರ್ಷ ಮಾರ್ಚ್ ತಿಂಗಳಲ್ಲಿ ಮಣಿಪಾಲದ ಹತ್ತಿರ ಹೊಸ ಮನೆ ಕಟ್ಟಿಸಿದವರೊಬ್ಬರು ನನ್ನನ್ನು ಕರೆಸಿದರು. ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದವರು. ಒಟ್ಟು 12 ಸೆಂಟ್ಸ್ ಜಾಗ. ಮನೆ, ಕಾರಿನ ದಾರಿ ಎಲ್ಲ ಕಳೆದರೆ ಉಳಿದದ್ದು ಆರು ಸೆಂಟ್ಸ್. ಜೆಸಿಬಿ ಕೆರೆದು ಹೋದ ಕೆಂಪು ಮಣ್ಣು ಬಿಸಿಲಿಗೆ ಕಾವಲಿಯ ಹಾಗೆ ಕಾದಿತ್ತು. ಅವರು ಮೊಬೈಲ್ ತೆರೆದು ಒಂದು ಪಟ್ಟಿ ತೋರಿಸಿದರು: 27 ನಕ್ಷತ್ರ, 27 ಮರ.

“ನನಗೆ ಎನರ್ಜಿ ಗಾರ್ಡನ್ ಬೇಕು ಮಾರಾಯ್ರೆ. ಒಳಗೆ ಬಂದವರಿಗೆ ಭೂಮಿಯ ಶಕ್ತಿ ಅಂಗಾಲಿಗೆ ಗೊತ್ತಾಗಬೇಕು.”

ಬ್ರಹ್ಮಾವರದ ಕಡೆ ನನ್ನದೊಂದು ನರ್ಸರಿ ಉಂಟು. ಗಿಡ ಮಾರುವುದು, ಕೇಳಿದವರಿಗೆ ತೋಟ ಮಾಡಿಕೊಡುವುದು ಕಸುಬು. ಮೊದಮೊದಲು ಜನ ಹುಲ್ಲುಹಾಸು ಕೇಳುತ್ತಿದ್ದರು. ಆಮೇಲೆ ಕಾರಂಜಿ, ಬೋನ್ಸಾಯ್, ಸಿಮೆಂಟಿನ ಬುದ್ಧನ ತಲೆ ಬಂತು. ಈಗ ಶಕ್ತಿಯ ಕಾಲ. ವಾಸ್ತು, ಫೆಂಗ್ ಶುಯಿ, ನಕ್ಷತ್ರವನ ಎಲ್ಲವನ್ನೂ ಒಂದೇ ಅಂಗಳದಲ್ಲಿ ಕೇಳುವವರಿದ್ದಾರೆ. ನಾನು ನಗುವುದಿಲ್ಲ. ಕೇಳುವವರ ಆಸೆ ಸುಳ್ಳಲ್ಲ. ಪಟ್ಟಿಯನ್ನು ಓದುವ ಕ್ರಮ ಮಾತ್ರ ತಪ್ಪು.

ಪಟ್ಟಿಯನ್ನೇ ನೋಡಿ. ಮಖೆಗೆ ಆಲ, ಪುಷ್ಯಕ್ಕೆ ಅರಳಿ, ಕೃತ್ತಿಕೆಗೆ ಅತ್ತಿ, ಉತ್ತರೆಗೆ ಬಸರಿ. ಈ ನಾಲ್ಕೂ ಒಂದೇ ಕುಲದವು, ನಾಲ್ಕೂ ಗೋಡೆಯ ಬಿರುಕು ಹುಡುಕುವ ಬೇರಿನವು. ಮೇಲಿಂದ ಹಲಸು, ಮಾವು, ಹಿಪ್ಪೆ, ಬಿದಿರು ಬೇರೆ. ಬೆಂಗಳೂರಿನ ಪಕ್ಕದ ಕೇತೋಹಳ್ಳಿಯ ದೊಡ್ಡ ಆಲದ ಮರವೊಂದೇ ಸುಮಾರು 3 ಎಕರೆ ಹಿಡಿದು ನಿಂತಿದೆ. ನಮ್ಮ ಗಿರಾಕಿಯದು ಮಖಾ ನಕ್ಷತ್ರ. ಮೊಮ್ಮಗನದು ಅಶ್ವಿನಿ; ಅದಕ್ಕೆ ಹೇಳಿದ ಮರ ಕಾಸರಕ. ಅದರ ಬೀಜದಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ. ಆಟಿ ಅಮಾವಾಸ್ಯೆ ಬಂತೆಂದರೆ ಹಾಲೆ ಮರದ ತೊಗಟೆ ಎಂದು ಕಾಸರಕದ್ದನ್ನು ಕೆತ್ತಿ ಕಷಾಯ ಮಾಡಬೇಡಿ ಎಂದು ನಮ್ಮ ಕಡೆ ವೈದ್ಯರು ಎಚ್ಚರಿಸುತ್ತಲೇ ಇರುತ್ತಾರೆ. ಕಿತ್ತಳೆ ಬಣ್ಣದ ಅದರ ದುಂಡು ಹಣ್ಣು ಮೂರು ವರ್ಷದ ಮಗು ಆಡುವ ಅಂಗಳದಲ್ಲಿ ಉದುರುತ್ತಿದ್ದರೆ ಏನು ಗತಿ? ಇದನ್ನು ಹೇಳಿದಾಗ ಅವರ ಮುಖ ಸ್ವಲ್ಪ ಇಳಿಯಿತು.

“ಹಾಗಾದರೆ ನವಗ್ರಹವನ ಮಾಡುವಾ. ಒಂಬತ್ತೇ ಅಲ್ವಾ?”

ನವಗ್ರಹ ಹೋಮದ ಸಮಿತ್ತುಗಳು ಇವು: ಸೂರ್ಯನಿಗೆ ಎಕ್ಕ, ಚಂದ್ರನಿಗೆ ಮುತ್ತುಗ, ಕುಜನಿಗೆ ಕಾಚಿನ ಮರ, ಬುಧನಿಗೆ ಉತ್ತರಣೆ, ಗುರುವಿಗೆ ಅರಳಿ, ಶುಕ್ರನಿಗೆ ಅತ್ತಿ, ಶನಿಗೆ ಬನ್ನಿ, ರಾಹುವಿಗೆ ಗರಿಕೆ, ಕೇತುವಿಗೆ ದರ್ಭೆ. ಹೇಳುತ್ತಾ ಹೇಳುತ್ತಾ ನನಗೇ ನಗು ಬಂತು. ಎಕ್ಕ, ಉತ್ತರಣೆ, ಗರಿಕೆ ಈ ಮೂರನ್ನು ಯಾರೂ ನೆಡಬೇಕಾಗಿಲ್ಲ, ಪಾಳುಬಿದ್ದ ಜಾಗದಲ್ಲಿ ತಾವೇ ಹುಟ್ಟುತ್ತವೆ. ಮೂರು ಗ್ರಹಗಳು ಇವರ ಜಾಗದಲ್ಲಿ ಪುಕ್ಕಟೆ ವಾಸವಾಗಿದ್ದವು. ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ಜೆಸಿಬಿ ತರಿಸಿ ಮೊದಲ ದಿನವೇ ಓಡಿಸಿದ್ದಾಯಿತು.

ಉಳಿದದ್ದು ಆಗ್ನೇಯದ ಒಂದು ಮೂಲೆ ಮಾತ್ರ. ಅಲ್ಲಿ ಎದೆಯೆತ್ತರದ ಹುತ್ತ, ಸುತ್ತ ಕೇಪುಳದ ಪೊದೆ, ಎರಡು ಎಕ್ಕದ ಗಿಡ. ಜೆಸಿಬಿ ಓಡಿಸುವ ಹುಡುಗ ಹುತ್ತಕ್ಕೆ ಬಕೆಟ್ ಹಾಕುವುದಿಲ್ಲವೆಂದು ಹಟ ಹಿಡಿದನಂತೆ. “ಅದೊಂದನ್ನು ನೀವೇ ಹೇಗಾದರೂ ತೆಗೆಸಿ” ಎಂದು ಮನೆಯವರು ನನಗೆ ಹೇಳಿದರು. ಶಕ್ತಿಯ ತೋಟ ಬೇಕೆಂದು ಕರೆದವರು ಮೊದಲು ಕೊಟ್ಟ ಕೆಲಸ ಅದು!

ಅವರನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ಇದಕ್ಕಿಂತ ದೊಡ್ಡ ತಪ್ಪನ್ನು ನಾನೇ ಮಾಡಿದ್ದೇನೆ, ಅದೂ ನಮ್ಮದೇ ಕುಟುಂಬದ ನಾಗಬನದಲ್ಲಿ.

ಕರಾವಳಿಯ ಆಚೆಯವರಿಗೆ ಎರಡು ಮಾತು ಹೇಳಬೇಕು. ತುಳುನಾಡಿನ ಹಳೆಯ ಕುಟುಂಬಗಳಿಗೆ ಮೂಲಸ್ಥಾನವೆಂದು ಒಂದು ನಾಗಬನ ಇರುತ್ತದೆ. ಗುಡಿಯಲ್ಲ, ಕಾಡಿನ ತುಂಡು. ನಡುವೆ ನಾಗನ ಕಲ್ಲುಗಳು, ಸುತ್ತ ರೆಂಜೆ, ಸುರಹೊನ್ನೆ, ಹಾಲೆ, ತಾರೆ, ಕಾಸರಕ, ಅವನ್ನೆಲ್ಲ ಹೆಣೆದ ದಪ್ಪ ಬೀಳಲು. ಅಲ್ಲಿ ಕತ್ತಿ ಆಡಿಸುವಂತಿಲ್ಲ, ಒಣಗಿ ಬಿದ್ದ ಕೊಂಬೆಯನ್ನೂ ಒಲೆಗೆ ತರುವಂತಿಲ್ಲ. ನಾಗರಪಂಚಮಿಯ ದಿನ ಹಿಂಗಾರ, ಕೇದಗೆ, ಅರಸಿನ ಎಲೆ, ಎಳನೀರು, ಹಾಲು ತಂದು ತನು ಹಾಕಿ, ತಂಬಿಲ ಮುಗಿಸಿ ಬಂದರೆ ಆಮೇಲೆ ಬನದ ಪಾಡು ಬನಕ್ಕೆ. ಎನರ್ಜಿ ಎಂಬ ಮಾತು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ. ಸಾನ್ನಿಧ್ಯ ಎನ್ನುತ್ತಿದ್ದರು. ಸಾನ್ನಿಧ್ಯ ನಾವು ತಂದು ಇಡುವುದಲ್ಲ, ಮೊದಲೇ ಇರುವಂಥದ್ದು. ಅದಕ್ಕೆ ತೊಂದರೆ ಕೊಡದೆ ಇರುವುದಷ್ಟೇ ಮನುಷ್ಯರ ಪಾಲಿನ ಕೆಲಸ.

2009ರಲ್ಲಿ ನಮ್ಮ ಕುಟುಂಬದವರು ತಾಂಬೂಲ ಪ್ರಶ್ನೆ ಇಡಿಸಿದರು. ಬನ ಜೀರ್ಣವಾಗಿದೆ, ಉದ್ಧಾರ ಆಗಬೇಕು ಎಂದು ಕಂಡುಬಂತು. ಮುಂಬೈಯಲ್ಲಿದ್ದವರು ಧಾರಾಳವಾಗಿ ಹಣ ಕಳುಹಿಸಿದರು. ಕಾಂಪೌಂಡು, ಗ್ರಾನೈಟ್ ಕಟ್ಟೆ, ಮೇಲೆ ತಗಡಿನ ಮಾಡು, ಸುತ್ತ ಇಂಟರ್‌ಲಾಕ್. ಹನ್ನೊಂದು ಮರ ಹೋದವು. ಇಂಟರ್‌ಲಾಕ್ ಗುತ್ತಿಗೆ ನನ್ನದೇ. ತೋಟದ ಕೆಲಸ ಬಲ್ಲವನು ಮನೆಯಲ್ಲೇ ಇರುವಾಗ ಹೊರಗಿನವರಿಗೆ ಯಾಕೆ ಎಂದರು. ನಾನೂ ಖುಷಿಯಿಂದ ಒಪ್ಪಿದೆ. ದೊಡ್ಡಮ್ಮ ಒಬ್ಬರೇ ಬಾಯಿ ಬಿಟ್ಟದ್ದು. “ನಾಗನಿಗೆ ಎಂತಕ್ಕಾ ಟೈಲ್ಸು? ಅವನು ಕಾಲಲ್ಲಿ ನಡೀತಾನಾ?” ಎಂದರು. ಎಲ್ಲರೂ ನಕ್ಕೆವು.

ಮುಂದಿನ ಮೇ ತಿಂಗಳ ಪೂಜೆಗೆ ಹೋದವರು ಬರಿಗಾಲಲ್ಲಿ ನಿಲ್ಲಲಾರದೆ ಗೋಣಿಚೀಲ ಹಾಸಿಕೊಂಡೆವು. ಜೂನಿನಲ್ಲಿ ಬನದ ನೀರು ಮೊದಲ ಬಾರಿಗೆ ಗೇಟಿನಿಂದ ಹೊರಬಿದ್ದು ರಸ್ತೆಗಿಳಿಯಿತು. ಅಷ್ಟು ವರ್ಷ ಆ ನೀರೆಲ್ಲ ಎಲ್ಲಿ ಹೋಗುತ್ತಿತ್ತೆಂದು ನಾವು ಯಾರೂ ಯೋಚಿಸಿರಲಿಲ್ಲ.

ನಮ್ಮ ಕಡೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಮೇಲೆ ಮುರಕಲ್ಲು, ತೂತುತೂತು. ಕೆಳಗೆ ಶೇಡಿ ಮಣ್ಣು, ನೀರನ್ನು ಸುಲಭಕ್ಕೆ ಬಿಟ್ಟುಕೊಡದು. ಮರಗಳ ಕೆಳಗೆ ಗೇಣುದ್ದ ತರಗೆಲೆ ಇದ್ದರೆ ಮಳೆ ಓಡುವುದಿಲ್ಲ, ನಡೆಯುತ್ತದೆ. ಬೇರು ಕೊರೆದ, ಗೆದ್ದಲು ಕೊರೆದ ದಾರಿಯಲ್ಲಿ ಮುರಕಲ್ಲಿಗೆ ಇಳಿಯುತ್ತದೆ. ಶೇಡಿಯ ಮೇಲೆ ಜಾರುತ್ತಾ ತಗ್ಗಿನ ಬಾವಿಗೆ, ತೋಡಿಗೆ ತಿಂಗಳುಗಟ್ಟಲೆ ತಡೆದು ಬರುತ್ತದೆ. ಹಳೆಯ ಬನದ ಕೆಳಗೆ ಬಾವಿಯೋ ಮದಕವೋ ಇದ್ದರೆ ಅದು ಆಕಸ್ಮಿಕ ಅಲ್ಲ ಎಂದು ಈಗ ನನಗೆ ಅನ್ನಿಸುತ್ತದೆ.

ಆರನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ದಕಾರ್ಗಲ ಎಂಬ ಅಧ್ಯಾಯ ಬರೆದಿದ್ದಾನೆ. ಅಂತರ್ಜಲ ಹುಡುಕುವ ವಿದ್ಯೆ ಅದು. ಮನುಷ್ಯನ ಮೈಯೊಳಗೆ ನರಗಳಿರುವ ಹಾಗೆ ಭೂಮಿಯೊಳಗೆ ನೀರಿನ ಸಿರೆಗಳಿವೆ ಎನ್ನುತ್ತಾನೆ. ಅವುಗಳ ಗುರುತು ಯಾವುದು? ಮರ, ಹುತ್ತ, ಮಣ್ಣಿನ ಬಣ್ಣ. ನೇರಳೆ ಮರದ ಪೂರ್ವಕ್ಕೆ ಹತ್ತಿರದಲ್ಲೇ ಹುತ್ತವಿದ್ದರೆ ದಕ್ಷಿಣದ ಪಕ್ಕದಲ್ಲಿ ಎರಡು ಪುರುಷ ಆಳಕ್ಕೆ ಸಿಹಿನೀರು ಎಂಬಂಥ ಲೆಕ್ಕಗಳು ಒಂದರ ಹಿಂದೆ ಒಂದು ಬರುತ್ತವೆ. ಕೈಯೆತ್ತಿ ನಿಂತ ಆಳಿನ ಎತ್ತರಕ್ಕೆ ಒಂದು ಪುರುಷ. ಪ್ರತಿ ಲೆಕ್ಕವೂ ನಮ್ಮ ಮುರಕಲ್ಲಿನ ನೆಲದಲ್ಲಿ ನಿಲ್ಲುತ್ತದೆಂದು ನಾನು ಹೇಳಲಾರೆ. ಆದರೆ ಹುತ್ತವನ್ನು ಹಿಡಿದು ನೀರು ಹುಡುಕುವುದರಲ್ಲಿ ಹುರುಳುಂಟು. ಗೆದ್ದಲಿಗೆ ತೇವ ಇಲ್ಲದೆ ಬದುಕಿಲ್ಲ, ಆಳದ ಹಸಿಮಣ್ಣನ್ನು ಮೇಲಕ್ಕೆ ಹೊರುತ್ತದೆ. ಹಾವು ಅಲ್ಲಿಗೆ ಬರುವುದೂ ಆ ತಂಪಿಗೇ. ಫೆಂಗ್ ಶುಯಿ ಎಂಬ ಚೀನೀ ಪದದ ಅರ್ಥವೂ ಗಾಳಿ ಮತ್ತು ನೀರು ಎಂದಷ್ಟೇ. ಅಂಗಡಿಯಲ್ಲಿ ಮಾರುವ ಮೂರು ಕಾಲಿನ ಕಪ್ಪೆಯ ಸುದ್ದಿ ಆ ಹೆಸರಿನಲ್ಲಿಲ್ಲ.

ಶಾಸ್ತ್ರದ ತೋಟಗಳಿಗೂ ಅವುಗಳದೇ ಅಳತೆಯಿತ್ತು. ಪಂಚವಟಿಯಲ್ಲಿ ಪೂರ್ವಕ್ಕೆ ಅರಳಿ, ಉತ್ತರಕ್ಕೆ ಬಿಲ್ವ, ಪಶ್ಚಿಮಕ್ಕೆ ಆಲ, ದಕ್ಷಿಣಕ್ಕೆ ನೆಲ್ಲಿ, ಆಗ್ನೇಯಕ್ಕೆ ಅಶೋಕ. ಸುಡುವ ಸಂಜೆ ಬಿಸಿಲಿಗೆ ಆಲವನ್ನೇ ಅಡ್ಡ ನಿಲ್ಲಿಸಿದ ಜಾಣತನ ನೋಡಿ. ಅದು ಊರ ಹೊರಗಿನ ಬಯಲಿಗೆ, ತಪಸ್ಸಿಗೆ ಕೂರುವವರಿಗೆ ಹೇಳಿದ್ದು, ಸೈಟಿಗಲ್ಲ. ಕೊಡಗಿನಲ್ಲಿ ಊರಿಗೊಂದರಂತೆ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಯ್ಯಪ್ಪನ ಕಾಡಿಗೆ ಹೋದರೆ ಹರಕೆಯ ಮಣ್ಣಿನ ನಾಯಿಗಳು ಸಾಲಾಗಿ ಕೂತಿರುತ್ತವೆ. ಅಲ್ಲೂ ದೇವರಿಗೆ ಕೊಟ್ಟದ್ದು ಜಾಗವನ್ನು, ಕಟ್ಟಡವನ್ನಲ್ಲ. ಆ ಜಾಗವೂ 1905ರಲ್ಲಿ 6,000 ಹೆಕ್ಟೇರ್ ದಾಟಿದ್ದದ್ದು 1985ರ ಹೊತ್ತಿಗೆ ಅರ್ಧಕ್ಕಿಂತ ಕೆಳಗಿಳಿಯಿತು.

ನಮ್ಮ ಬನಕ್ಕೆ ಮರಳುತ್ತೇನೆ. 2016ರಲ್ಲಿ, ದೊಡ್ಡಮ್ಮ ತೀರಿಕೊಂಡ ಮರುವರ್ಷ, ಇಂಟರ್‌ಲಾಕ್ ಎಬ್ಬಿಸಿದೆ. ಕುಟುಂಬದಲ್ಲಿ ಜಗಳವೇ ಆಯಿತು. ನನ್ನ ಖರ್ಚಿನಲ್ಲೇ ಎಂದ ಮೇಲೆ ಸುಮ್ಮನಾದರು. ನಡೆಯಲು ಎರಡಡಿ ದಾರಿ ಬಿಟ್ಟು ಉಳಿದ ಕಡೆ ಮಣ್ಣು ಸಡಿಲಿಸಿ, ಬೇರೆ ಬನಗಳ ಅಂಚಿನಲ್ಲಿ ಬಿದ್ದಿದ್ದ ಬೀಜ ತಂದು ಹಾಕಿದೆ. ಊರಿನ ರಸ್ತೆ ಬದಿ ಗುಡಿಸಿದ ತರಗೆಲೆಯನ್ನು ಮೂವತ್ತು ಗೋಣಿ ಹರಡಿದೆ. ಮೂರನೇ ಮಳೆಗಾಲಕ್ಕೆ ಗೇಟಿನಿಂದ ನೀರು ಬರುವುದು ನಿಂತಿತು. ರೆಂಜೆ ಮಾತ್ರ ನಿಧಾನದ ಮರ. ನೆಟ್ಟದ್ದು ಈಗ ನನ್ನ ಎತ್ತರಕ್ಕೆ ಬಂದಿದೆ, ಇನ್ನೂ ಹೂ ಬಿಟ್ಟಿಲ್ಲ.

ಮಣಿಪಾಲದವರಿಗೆ ಈ ಕಥೆಯೆಲ್ಲ ಹೇಳಿ, ಒಂದು ಮಳೆಗಾಲ ಏನೂ ನೆಡಬೇಡಿ, ಬರೇ ನೋಡಿ ಎಂದೆ. ಗೃಹಪ್ರವೇಶಕ್ಕೆ ಬಂದವರು ಏನೆಂದಾರು ಎಂಬ ಚಿಂತೆ ಅವರಿಗೆ. ಕೊನೆಗೆ ಅವರ ಹೆಂಡತಿ ಒಪ್ಪಿಸಿದರು. ಜೂನಿನಲ್ಲಿ ಇಬ್ಬರೂ ಕೊಡೆ ಹಿಡಿದು ನೀರು ನಿಂತಲ್ಲಿ, ಹರಿದಲ್ಲಿ ಗೂಟ ಹೊಡೆದರು. ಹರಿದ ದಾರಿಗೆ ಅಡ್ಡವಾಗಿ ಮೊಣಕಾಲುದ್ದದ ಎರಡು ಇಂಗುಗುಂಡಿ ತೋಡಿಸಿದೆವು. ಯಜಮಾನ್ತಿಯದು ಅನುರಾಧಾ ನಕ್ಷತ್ರ, ಮರ ಬಕುಲ. ಎಂದರೆ ನಮ್ಮ ರೆಂಜೆಯೇ. ಅದು ಹುತ್ತದ ಮೂಲೆಯ ಹತ್ತಿರ ನಿಂತಿತು. ಭರಣಿಯ ಮಗಳಿಗೆ ನೆಲ್ಲಿ, ಬಾವಿಯ ಪಕ್ಕ. ಯಜಮಾನರ ಆಲದ ಸಸಿಯನ್ನು ಊರಿನ ಶಾಲೆಯವರನ್ನು ಕೇಳಿ ಮೈದಾನದ ಅಂಚಿಗೆ ನೆಟ್ಟದ್ದಾಯಿತು. ಮೊಮ್ಮಗನ ಕಾಸರಕಕ್ಕೆ ಅವರ ಮೂಲದ ಬನದಲ್ಲೇ ಒಂದು ಮರವಿದೆಯಂತೆ. ನಾಗರಪಂಚಮಿಗೆ ಹೋದಾಗ ತೋರಿಸಿ ಬಂದರು. ಹುತ್ತ ಹಾಗೇ ಇದೆ. ಮನೆ ಬಾಗಿಲ ಬಳಿ ಕಲ್ಲು, ಕಟ್ಟಿಗೆ ರಾಶಿ ಹಾಕಬೇಡಿ, ರಾತ್ರಿ ಟಾರ್ಚ್ ಹಿಡಿದು ನಡೆಯಿರಿ ಎಂದಷ್ಟೇ ಹೇಳಿದ್ದೇನೆ. ಉತ್ತರಣೆ, ಗರಿಕೆ ತಾವಾಗಿ ಮರಳಿವೆ.

ಬನದ ಜೀರ್ಣೋದ್ಧಾರಕ್ಕೆ ಎಸ್ಟಿಮೇಟ್ ಕೇಳಿ ನನಗೆ ಈಗಲೂ ಫೋನ್ ಬರುತ್ತದೆ. ಬೀಜ, ಸಸಿ, ತರಗೆಲೆಗೆ ಲೆಕ್ಕ ಕೊಡುತ್ತೇನೆ. ಇಂಟರ್‌ಲಾಕ್‌ಗೆ ದರ ಹೇಳುವುದಿಲ್ಲ.