ಕಾರ್ಡ್ ಬರೋಬ್ಬರಿ ಐತಿ, ಕಟ್ಟಿದ್ದು ತಪ್ಪೈತಿ

ಬೀಳಗಿಯಿಂದ ಬಂದ ಹುಡುಗ ಪೆನ್‌ಡ್ರೈವ್ ನನ್ನ ಕೈಗಿಟ್ಟ. "ಅಣ್ಣಾರ, ಹಲಗಿ ನಾನ ಮನ್ಯಾಗ ಕುಂತು ಹಾಕೇನ್ರಿ. ನೀವು ಹಾಡಷ್ಟ ರೆಕಾರ್ಡ್ ಮಾಡಿ ಕೂಡಿಸಿಕೊಡ್ರಿ" ಅಂದ. ಅವನೂರಿನ ಜಾತ್ರೆಗೆ ಒಂದು ವಾರ ಉಳಿದಿತ್ತು. ಫೈಲ್ ತೆರೆದು ನನ್ನ ಡ್ರಮ್ ಕಿಟ್‌ಗೆ ಜೋಡಿಸಿ ಹಚ್ಚಿದೆ. ಹಲಗಿಯ ಅಂಚಿನ ಪೆಟ್ಟು ಬೀಳಬೇಕಾದಲ್ಲಿ ದನದ ಕೊರಳ ಗಂಟೆ ಟಣ್ ಟಣ್ ಅಂತು. ನಡುವಿನ ಪೆಟ್ಟಿನ ಜಾಗದಲ್ಲಿ ಸೀಟಿ ಊದಿತು. ಹುಡುಗನ ಮುಖ ಸಣ್ಣದಾಯಿತು. "ಫೈಲ್ ಕೆಟ್ಟೈತೇನ್ರಿ?"

ಫೈಲ್ ಕೆಟ್ಟಿರಲಿಲ್ಲ. ಒಂದು ಪೆಟ್ಟೂ ತಾಳ ತಪ್ಪಿರಲಿಲ್ಲ. ನನಗೆ ಆಗ ನೆನಪಾದದ್ದು ನಮ್ಮಪ್ಪ.

ಅಪ್ಪ ಬನಹಟ್ಟಿಯಲ್ಲಿ ಜೀವಮಾನವಿಡೀ ಸೀರೆ ನೇಯ್ದವರು. ಒಮ್ಮೆ ರಬಕವಿಯ ಪರಿಚಯದ ನೇಕಾರರೊಬ್ಬರ ಹತ್ತಿರ ಡಿಸೈನ್ ಕಾರ್ಡುಗಳ ಸರ ತಂದು ನಮ್ಮ ಜಕಾರ್ಡ್ ಮಗ್ಗಕ್ಕೆ ಏರಿಸಿದರು. ಸೆರಗಿನಲ್ಲಿ ನವಿಲು ಮೂಡಬೇಕಿತ್ತು, ಬರೀ ಗೀರು ಗೀರು ಬಂತು. ನಾನು ಕಾರ್ಡ್ ಹರಿದಿದೆ ಅಂದುಕೊಂಡೆ. ಅಪ್ಪ ಮಗ್ಗದ ಮೇಲೆ ಕಣ್ಣಾಡಿಸಿ ಹೇಳಿದರು: "ತಮ್ಮಾ, ಕಾರ್ಡ್ ಬರೋಬ್ಬರಿ ಐತಿ. ಕಟ್ಟಿದ್ದು ತಪ್ಪೈತಿ."

ಜಕಾರ್ಡ್ ಮಗ್ಗ ನೋಡಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಕಾರ್ಡಿನಲ್ಲಿ ಚಿತ್ರ ಇರುವುದಿಲ್ಲ, ತೂತುಗಳಿರುತ್ತವೆ. ತೂತಿದ್ದಲ್ಲಿ ಸೂಜಿ ಒಳಹೋಗುತ್ತದೆ, ಅದರ ಕೊಕ್ಕೆ ಮೇಲೇಳುತ್ತದೆ, ಆ ಕೊಕ್ಕೆಗೆ ಕಟ್ಟಿದ ದಾರ ಹಾಸಿನ ಎಳೆಯನ್ನು ಎತ್ತುತ್ತದೆ. ಯಾವ ಕೊಕ್ಕೆಗೆ ಯಾವ ಎಳೆ ಎಂಬುದು ಕಾರ್ಡಿಗೆ ಗೊತ್ತಿಲ್ಲ. ಅದು ಮಗ್ಗದಲ್ಲಿ ಕಟ್ಟಿದವನ ಕೈಯಲ್ಲಿದೆ.

ಹುಡುಗ ತಂದಿದ್ದ ಮಿಡಿ ಫೈಲ್ ಅಂದರೂ ಇಂಥದೇ ಕಾರ್ಡಿನ ಸರ. ಅದರಲ್ಲಿ ಧ್ವನಿ ಇಲ್ಲವೇ ಇಲ್ಲ. ಒಂದು ಪೆಟ್ಟಿಗೆ ಅದು ಬರೆದಿಡುವುದು ಇಷ್ಟೇ: ಯಾವ ಹೊತ್ತಿಗೆ, ಯಾವ ಚಾನೆಲ್, ಎಷ್ಟನೇ ನಂಬರ್, ಎಷ್ಟು ಜೋರು. ನಂಬರುಗಳು 0ಯಿಂದ 127ರವರೆಗೆ. ಆ ನಂಬರಿಗೆ ಹಲಗಿ ಕಟ್ಟಿದೆಯೋ ಗಂಟೆ ಕಟ್ಟಿದೆಯೋ ಎಂಬುದು ಕಂಪ್ಯೂಟರಿನಲ್ಲಿರುವ ಡ್ರಮ್ ಕಿಟ್‌ಗೆ ಸೇರಿದ ವಿಷಯ. ಹುಡುಗ ತನ್ನ ಮನೆಯ ಕಿಟ್‌ನಲ್ಲಿ ಹಲಗಿಯ ಅಂಚನ್ನು 56ಕ್ಕೂ ನಡುವನ್ನು 71ಕ್ಕೂ ಕಟ್ಟಿಕೊಂಡಿದ್ದ. ನನ್ನ ಕಿಟ್‌ನಲ್ಲಿ 56 ಗಂಟೆ, 71 ಸೀಟಿ.

ಮಿಡಿ ಎಂಬ ಈ ಭಾಷೆ ಹುಟ್ಟಿದ್ದು 1983ರಲ್ಲಿ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುಟಾರೊ ಕಾಕೆಹಾಶಿ ಮುಂದೆ ನಿಂತು, ಪೈಪೋಟಿಯ ಕಂಪನಿಗಳ ಕೀಬೋರ್ಡುಗಳು ಒಂದೇ ತಂತಿಯಲ್ಲಿ ಮಾತಾಡುವಂತೆ ಮಾಡಿದರು. ಅದಕ್ಕಾಗಿ 2013ರಲ್ಲಿ ಇಬ್ಬರಿಗೂ ಟೆಕ್ನಿಕಲ್ ಗ್ರ್ಯಾಮಿ ಬಂತು. ಆದರೆ ಯಾವ ನಂಬರಿಗೆ ಯಾವ ವಾದ್ಯ ಎಂಬ ಒಪ್ಪಂದ ಅದರಲ್ಲಿರಲಿಲ್ಲ. ಅದು ಬಂದದ್ದು 1991ರಲ್ಲಿ, ಜನರಲ್ ಮಿಡಿ ಎಂಬ ಹೆಸರಿನಲ್ಲಿ. ತಾಳವಾದ್ಯಗಳಿಗೆ 10ನೇ ಚಾನೆಲ್. 35ರಿಂದ 81ರವರೆಗೆ 47 ಧ್ವನಿಗಳು. 36 ಕಿಕ್, 38 ಸ್ನೇರ್, 42 ಮುಚ್ಚಿದ ಹೈ-ಹ್ಯಾಟ್, 46 ತೆರೆದದ್ದು.

ಆ ಪಟ್ಟಿಯನ್ನು ನಾನು ಎಷ್ಟೋ ಸಲ ಮೇಲಿಂದ ಕೆಳಗೆ ಓದಿದ್ದೇನೆ. ಬೊಂಗೊ ಇದೆ, ಕಾಂಗಾ ಇದೆ, ಬ್ರೆಜಿಲಿನ ಕ್ವೀಕಾ ಕೂಡ ಇದೆ. ತಬಲಾ ಇಲ್ಲ. ಅದೇ ಒಪ್ಪಂದದ ರಾಗವಾದ್ಯಗಳ ಪಟ್ಟಿಯಲ್ಲಿ ಸಿತಾರ್‌ಗೆ ಜಾಗ ಸಿಕ್ಕಿದೆ, ಶಹನಾಯಿಗೂ ಸಿಕ್ಕಿದೆ. ತಬಲಾಕ್ಕೇ ಇಲ್ಲದ ಮೇಲೆ ಹಲಗಿ, ಕರಡಿ, ದಮ್ಮಡಿಗೆ ಎಲ್ಲಿಂದ ಬರಬೇಕು? ಹಾಗಾಗಿ ನಮ್ಮ ಕಡೆಯ ವಾದ್ಯಗಳ ಧ್ವನಿ ಹಿಡಿದು ಕಿಟ್ ಮಾಡುವ ಪ್ರತಿಯೊಬ್ಬನೂ ಖಾಲಿ ಕಂಡ ನಂಬರಿಗೆ ಕಟ್ಟಿಬಿಡುತ್ತಾನೆ. ಇವತ್ತು ಜಾನಪದ ಹಾಡು ಮಾಡುವ ಸಣ್ಣ ಕೋಣೆಗಳು ನಮ್ಮ ಸುತ್ತಿನ ಊರುಗಳಲ್ಲಿವೆ. ಬೀಳಗಿಯಲ್ಲಿ ಹಾಕಿದ ತಾಳ ಮುಧೋಳದಲ್ಲಿ ಹಾಡಾಗಿ ಜಮಖಂಡಿಯಲ್ಲಿ ಮಿಕ್ಸ್ ಆಗುವ ಕಾಲ ಇದು. ದಾರಿಯಲ್ಲಿ ಹಲಗಿ ಕಳೆದುಹೋಗಬಾರದು.

ಪಟ್ಟಿಯಲ್ಲಿ ಇರುವ ವಾದ್ಯಗಳೂ ಸುರಕ್ಷಿತವಲ್ಲ. ರೋಲ್ಯಾಂಡ್‌ನ ಎಲೆಕ್ಟ್ರಾನಿಕ್ ಡ್ರಮ್ಮುಗಳಾದ ವಿ-ಡ್ರಮ್ಸ್‌ನಲ್ಲಿ ಸ್ನೇರಿನ ನಡುವಿಗೆ 38, ಅಂಚಿಗೆ 40. ಜನರಲ್ ಮಿಡಿಯಲ್ಲಿ 40 ಎಂದರೆ ಬೇರೊಂದು ಎಲೆಕ್ಟ್ರಿಕ್ ಸ್ನೇರ್. ಅವರ ಹೈ-ಹ್ಯಾಟಿನ ಅಂಚಿನ ಪೆಟ್ಟುಗಳು 22, 26 ಎಂಬ ನಂಬರಿಗೆ ಹೋಗುತ್ತವೆ. 35ರ ಕೆಳಗೆ ಏನೂ ಇಲ್ಲದ ಕಿಟ್ ಅಲ್ಲಿ ಮೌನವಾಗಿ ಕೂರುತ್ತದೆ. ತಪ್ಪು ಯಾರದೂ ಅಲ್ಲ. ಒಂದೇ ತಟ್ಟೆಯ ಮೂರು ಕಡೆ ಬಡಿದರೆ ಮೂರು ಧ್ವನಿ ಬರಬೇಕೆಂದು ಹೊರಟವರಿಗೆ 47 ಮನೆಗಳು ಸಾಲಲಿಲ್ಲ.

ಫೋನಿನಲ್ಲಿ ಮಾತಾಡುವಾಗ ಇನ್ನೊಂದು ತೊಡಕು. "ಕಿಕ್ ಸಿ-1 ಮ್ಯಾಲೆ ಐತ್ರಿ" ಅನ್ನುತ್ತಾರೆ. ಮಧ್ಯದ ಸಿ, ಅಂದರೆ 60ನೇ ನಂಬರನ್ನು ಯಮಾಹಾ ಪದ್ಧತಿ ಸಿ-3 ಎನ್ನುತ್ತದೆ, ಇನ್ನೊಂದು ಪದ್ಧತಿ ಸಿ-4 ಎನ್ನುತ್ತದೆ. ಒಂದೇ ಮಾತಿಗೆ ಹನ್ನೆರಡು ನಂಬರಿನ ವ್ಯತ್ಯಾಸ. ಅದಕ್ಕೇ ನನ್ನ ಕೋಣೆಯಲ್ಲಿ ಸ್ವರದ ಹೆಸರು ಹೇಳುವಂತಿಲ್ಲ. ನಂಬರ್ ಹೇಳಿ ಅನ್ನುತ್ತೇನೆ.

ಹಾಗಾದರೆ ಮಾಡುವುದೇನು? ಸುಲಭವಾಗಿ ಕಾಣುವ ದಾರಿ ಫೈಲಿನೊಳಗೆ ಕೈ ಹಾಕಿ ನಂಬರ್ ಬದಲಿಸುವುದು. ನಾನೂ ಅದನ್ನೇ ಮಾಡಿ ಒಂದು ಹಾಡು ಹಾಳು ಮಾಡಿದ್ದೇನೆ. ಜಮಖಂಡಿಯ ಡ್ರಮ್ಮರ್ ಒಬ್ಬರು ನುಡಿಸಿ ಕಳಿಸಿದ್ದ ಫೈಲು. ನನ್ನ ಕಿಟ್‌ನಲ್ಲಿ 38 ಮತ್ತು 40 ಅದಲು ಬದಲಾಗಿದ್ದವು. 38 ಇದ್ದುದನ್ನೆಲ್ಲ 40 ಮಾಡಿದೆ. ಆಮೇಲೆ 40 ಇದ್ದುದನ್ನೆಲ್ಲ 38 ಮಾಡಿದೆ. ಎಲ್ಲವೂ 38 ಆದವು. ನಡು ಯಾವುದು, ಅಂಚು ಯಾವುದು ಎಂದು ಹೇಳುವ ಗುರುತೇ ಉಳಿಯಲಿಲ್ಲ. ಎರಡು ಕೊಡದ ನೀರು ಅದಲು ಬದಲು ಮಾಡಬೇಕಾದರೆ ಮೂರನೇ ಪಾತ್ರೆ ಬೇಕು ಎಂಬುದು ಮನೆಯಲ್ಲಿ ಯಾರಿಗೆ ಗೊತ್ತಿಲ್ಲ? ಮೊದಲು 38ನ್ನು ಯಾರೂ ಬಳಸದ 120ಕ್ಕೆ ಸರಿಸಬೇಕಿತ್ತು. ಮೂಲ ಫೈಲಿನ ಪ್ರತಿ ಇಟ್ಟುಕೊಂಡಿರಲಿಲ್ಲ. ಅವರು ಇನ್ನೊಮ್ಮೆ ನುಡಿಸಿಕೊಟ್ಟರು. ಆ ದೊಡ್ಡತನ ಮರೆತಿಲ್ಲ.

ಆಮೇಲೆ ಕಾರ್ಡನ್ನು ಮುಟ್ಟುವುದು ಬಿಟ್ಟೆ, ಕಟ್ಟುವುದನ್ನು ಬದಲಿಸುತ್ತೇನೆ. ಕ್ಯೂಬೇಸ್‌ನಂಥ ಸಾಫ್ಟ್‌ವೇರಿನಲ್ಲಿ ಡ್ರಮ್ ಮ್ಯಾಪ್ ಎಂಬುದಿದೆ. ಅಲ್ಲಿ ಪ್ರತಿ ವಾದ್ಯದ ಸಾಲಿನಲ್ಲಿ ಮೂರು ನಂಬರು: ಬಡಿಯುವ ಪ್ಯಾಡಿನಿಂದ ಒಳಬರುವುದು, ಫೈಲಿನಲ್ಲಿ ಉಳಿಯುವುದು, ಕಿಟ್‌ಗೆ ಹೊರಹೋಗುವುದು. ನಡುವಿನದು ನನ್ನದು, ಅದು ಎಂದೂ ಬದಲಾಗುವುದಿಲ್ಲ. ಪ್ಯಾಡ್ ಬದಲಾದರೆ ಮೊದಲನೆಯದನ್ನು ತಿದ್ದುತ್ತೇನೆ, ಕಿಟ್ ಬದಲಾದರೆ ಕೊನೆಯದನ್ನು. ಬಿಟ್ಟಿ ಸಿಗುವ ಡ್ರಮ್‌ಗಿಜ್ಮೊದಲ್ಲಂತೂ ಈ ಕಟ್ಟು ಬೇರೆಯೇ ಫೈಲಾಗಿ ಇರುತ್ತದೆ. ಕಿಟ್ ಮುಟ್ಟದೆ ಅದೊಂದನ್ನು ತಿದ್ದಿದರೆ ಸಾಕು.

ನನ್ನ ನಡುವಿನ ನಂಬರುಗಳನ್ನು ಅಪ್ಪನ ಹಳೇ ಲೆಕ್ಕದ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಜನರಲ್ ಮಿಡಿ ಹೇಳಿದ್ದನ್ನು ಹೇಳಿದಂತೆಯೇ ಬಿಟ್ಟಿದ್ದೇನೆ. 1999ರ ಎರಡನೇ ಆವೃತ್ತಿ ಪಟ್ಟಿಯನ್ನು 27ರಿಂದ 87ರವರೆಗೆ ಹಿಗ್ಗಿಸಿತು, ಆದ್ದರಿಂದ ನಮ್ಮವು 90ರಿಂದ ಶುರು. 90 ಹಲಗಿಯ ನಡು, 91 ಅಂಚು, 92 ಸಣ್ಣ ಕಡ್ಡಿಯ ಪೆಟ್ಟು. 94, 95 ಕರಡಿಯ ಎರಡು ಮುಖ. 97 ದಮ್ಮಡಿ. 100 ಬಿಟ್ಟ ತಾಳ, 101 ಹಿಡಿದ ತಾಳ. ಹಿಡಿದ ತಾಳ ಬಿದ್ದಕೂಡಲೇ ಬಿಟ್ಟ ತಾಳದ ನಾದ ನಿಲ್ಲಬೇಕು. ಹೈ-ಹ್ಯಾಟಿಗೆ ಇರುವ ಆ ಏರ್ಪಾಟನ್ನು ಇಲ್ಲಿಯೂ ಮಾಡಬೇಕು, ಇಲ್ಲದಿದ್ದರೆ ಭಜನೆ ಪೂರ್ತಿ ಗುಂಯ್‌ಗುಡುತ್ತದೆ.

ತಬಲಾ ನನ್ನನ್ನು ಬಹಳ ದಿನ ಕಾಡಿತು. ಶ್ರೀಕೃಷ್ಣ ಪಾರಿಜಾತ ಬಯಲಾಟದ ಹಾಡೊಂದಕ್ಕೆ ತಾಳ ಕೂಡಿಸುವಾಗ ತಿಳಿಯಿತು: 'ಧಾ' ಎಂದರೆ ಬಲಗೈಯ 'ನಾ', ಎಡಗೈಯ 'ಗೆ' ಕೂಡಿದ ಪೆಟ್ಟು. ಕೆಲವು ಕಿಟ್‌ಗಳು ಅದನ್ನು ಒಂದೇ ನಂಬರಿಗೆ ಕಟ್ಟುತ್ತವೆ, ಕೆಲವು ಎರಡು ನಂಬರ್ ಕೇಳುತ್ತವೆ. ಒಂದಕ್ಕೊಂದು ಬದಲಿಸುವ ಮ್ಯಾಪ್ ಇಲ್ಲಿ ನಡೆಯುವುದಿಲ್ಲ. ನಾನು ಎರಡಾಗಿಯೇ ಬರೆಯುತ್ತೇನೆ. ಕೈಗಳು ಎರಡು ಇರುವುದರಿಂದ ಅದೇ ನಿಜಕ್ಕೆ ಹತ್ತಿರ ಅನ್ನಿಸುತ್ತದೆ.

ಬೀಳಗಿಯ ಹುಡುಗನ ಹಾಡು ಜಾತ್ರೆಗೆ ಮುಟ್ಟಿತು. 56ನ್ನು 91ಕ್ಕೆ, 71ನ್ನು 90ಕ್ಕೆ ಕಟ್ಟಲು ಹಿಡಿದದ್ದು ಐದು ನಿಮಿಷ. ಆ ಹಾಳೆಯ ಫೋಟೋ ತೆಗೆದುಕೊಂಡು ಹೋದ. ಯಾರು ಬಂದರೂ ಕೊಡುತ್ತೇನೆ, ಮತ್ತು ಫೈಲಿನ ಜೊತೆ ತಮ್ಮ ನಂಬರುಗಳ ಚೀಟಿಯನ್ನೂ ಬರೇ ಪೆಟ್ಟುಗಳ ಆಡಿಯೋವನ್ನೂ ಕಳಿಸಿರಿ ಎಂದು ಕೇಳುತ್ತೇನೆ. ಚೀಟಿ ಕಳೆದರೂ ಕಿವಿಯಿಂದ ಗುರುತು ಹಿಡಿಯಬಹುದು.

ಕರಡಿಯ ಕೆಲಸ ಇನ್ನೂ ಮುಗಿದಿಲ್ಲ. ಒಂದು ರಾತ್ರಿ ಹಾಳೆ ತೋರಿಸಿದಾಗ ಮುಧೋಳದ ಹಿರಿಯ ವಾದಕರು 94, 95 ನೋಡಿ, "ಎರಡs ಏನಪಾ? ಉರುಳಿಕಿ ಎಲ್ಲಿ ಇಟ್ಟಿ?" ಎಂದು ಕೇಳಿದರು. ಬರುವ ರವಿವಾರ ಮೈಕ್ ತಗೊಂಡು ಅವರ ಮನೆಗೆ ಹೋಗುತ್ತಿದ್ದೇನೆ. 96 ಖಾಲಿ ಇದೆ.